ಕಾವಿಗೆ ಕೂತ ಸೂಚ್ಯಂಕ

ದೇಶದ ದೀಪಗಳು ಎಷ್ಟು ಬಗೆಯ ಇಂಧನದಿಂದ ಉರಿಯುತ್ತಿವೆ ಎಂಬುದನ್ನು ವರ್ಷ ವರ್ಷವೂ ಅಳೆದು, ಹಿಂದಿನ ವರ್ಷದ ಪಕ್ಕದಲ್ಲಿಟ್ಟು ನೋಡಿ, ಸರ್ಕಾರಕ್ಕೆ ತಿಳಿಸುವುದಕ್ಕಾಗಿಯೇ ಒಂದು ಕಚೇರಿ ಇದೆ. ಅದರ ಹೆಸರು ಇಂಧನ ವೈವಿಧ್ಯ ಮಾಪನ ಕಚೇರಿ. ಅದನ್ನು ಸ್ಥಾಪಿಸಿದ ಉದ್ದೇಶವನ್ನು ನಿಯಮಾವಳಿಯ ಮೊದಲ ಪುಟದಲ್ಲೇ ಹೇಳಿದೆ: ‘ಒಂದು ಇಂಧನ ಕೈಕೊಟ್ಟರೂ ಇನ್ನೊಂದು ಕೈಹಿಡಿದು, ಪ್ರಜೆಯ ಮನೆಯ ದೀಪ ಆರದಂತೆ ನೋಡಿಕೊಳ್ಳತಕ್ಕದ್ದು.’ ನಿಯಮಾವಳಿಯ ಮೊದಲ ಪುಟವನ್ನು ಓದುವ ಪದ್ಧತಿ ಯಾವ ಕಚೇರಿಯಲ್ಲೂ ಇಲ್ಲವಾದ್ದರಿಂದ ಇಲ್ಲಿಯೂ ಇರಲಿಲ್ಲ.

ಕಚೇರಿಯಲ್ಲಿ ಅಳೆಯುವವನು ಒಬ್ಬನೇ. ಉಳಿದವರೆಲ್ಲ ಅವನು ಅಳೆದದ್ದನ್ನು ಮೇಲಕ್ಕೆ ಕಳಿಸುವವರು, ಮೇಲಿನಿಂದ ಬಂದದ್ದನ್ನು ಕೆಳಕ್ಕೆ ಇಳಿಸುವವರು, ಇವೆರಡರ ನಡುವೆ ಟೀ ತರಿಸುವವರು. ಅವನನ್ನು ಎಲ್ಲರೂ ಅಳತೆಗಾರ ಎಂದೇ ಕರೆಯುತ್ತಿದ್ದರು. ತನ್ನ ಕುರ್ಚಿಯ ಹಿಂದಿನ ಗೋಡೆಗೆ ಅವನು ನೆಲದಿಂದ ಸೂರಿನವರೆಗೆ ಸೊನ್ನೆಯಿಂದ ನೂರರ ತನಕ ಗುರುತು ಹಾಕಿದ್ದ. ವರ್ಷಕ್ಕೊಂದು ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಕೆಂಪು ದಾರ ಎಳೆದಿದ್ದ. ಇಂಧನವೆಲ್ಲ ಒಂದೇ ಬಗೆಯದಾದರೆ ಸೊನ್ನೆ. ಹಲವು ಬಗೆಯಿದ್ದು ಎಲ್ಲದರ ಪಾಲೂ ಸರಿಸಮವಾದರೆ ನೂರು. ಈ ದೇಶದಲ್ಲಿ ಕಲ್ಲಿದ್ದಲು ಬಿಟ್ಟರೆ ಹೊಳೆಯ ಮೇಲೊಂದು ಸಣ್ಣ ನೀರಿನ ಯಂತ್ರ, ಗುಡ್ಡದ ಮೇಲೊಂದು ಗಾಳಿಯಂತ್ರ, ಅಷ್ಟೇ. ಹಾಗಾಗಿ ದಾರ ಹುಟ್ಟಿದಂದಿನಿಂದಲೂ ನಾಲ್ಕರ ಮೇಲೆಯೇ ತೆವಳುತ್ತಿತ್ತು. ಕಸ ಗುಡಿಸುವಾಕೆ ಅದನ್ನು ಒರೆಸುವ ಬಟ್ಟೆ ಒಣಹಾಕಲೆಂದು ಕಟ್ಟಿದ್ದು ಅಂದುಕೊಂಡು, ಹಾಗೆಯೇ ಬಳಸುತ್ತಿದ್ದಳು.

ಅಳತೆಗಾರನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ನಾಲ್ಕು ಇದ್ದರೆ ನಾಲ್ಕು ಎಂದು ಬರೆಯುವುದು, ಸಂಜೆ ಮನೆಗೆ ಹೋಗುವುದು. ಅವನ ನಿಜವಾದ ಚಿಂತೆ ಮನೆಯ ಹಿಂದಿನ ಕೋಣೆಯಲ್ಲಿತ್ತು. ಅಲ್ಲಿ ಅವನ ಹೆಂಡತಿ ಕಾವು ಪೆಟ್ಟಿಗೆ ಇಟ್ಟಿದ್ದಳು. ಕೋಳಿಯ ಬದಲು ಕರೆಂಟಿನ ಬಿಸಿಯಲ್ಲೇ ಮೊಟ್ಟೆಯನ್ನು ಮರಿ ಮಾಡಿಸುವ, ಬೀರುವಿನಷ್ಟು ಎತ್ತರದ ಪೆಟ್ಟಿಗೆ. ಕಣ್ಣು ಮಂಜಾಗುವವರೆಗೆ ಊರವರ ಬಟ್ಟೆ ಹೊಲಿದು ಅವಳು ಅದನ್ನು ಕೊಂಡಿದ್ದಳು. ಮೊದಲ ಸಲ ಇಟ್ಟ ಮೊಟ್ಟೆಗಳು ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿ ಕೆಟ್ಟುಹೋದವು. ಅವನ್ನು ಹಿತ್ತಲಲ್ಲಿ ಹೂತು ಬಂದವಳು ಸಂದಿಗೆಲ್ಲ ಚಿಂದಿ ಬಟ್ಟೆ ತುರುಕಿದಳು. ಈಗ ಎರಡನೆಯ ಸಲ ಇಡಲು ಮೊಟ್ಟೆ ಕೂಡಿಸುತ್ತಿದ್ದಳು.

“ಈ ಸಲವೂ ಮರಿ ಆಗ್ಲಿಲ್ಲ ಅಂದ್ರೆ ಪೆಟ್ಟಿಗೆ ಮಾರ್ಬಿಟ್ಟು ಮತ್ತೆ ಹೊಲಿಗೆಗೆ ಕೂರ್ತೀನಿ ಕಣ್ರೀ,” ಎಂದಿದ್ದಳು. ಮತ್ತೆ ಹೊಲಿಗೆಗೆ ಕೂತರೆ ಅವಳ ಕಣ್ಣು ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೀಗಿರುವಾಗ ಇಂಧನ ಮಂತ್ರಿಗಳು ಹೊರದೇಶದ ಒಂದು ಸಭೆಗೆ ಹೋಗಿಬಂದರು. ಆ ಸಭೆಯಲ್ಲಿ ಯಾವ ದೇಶದ ಸೂಚ್ಯಂಕ ಎಷ್ಟೋ ಅದರ ಪ್ರಕಾರ ಕುರ್ಚಿ ಹಾಕುತ್ತಾರೆ. ನಾಲ್ಕು ಅಂಕದ ಮಂತ್ರಿಗಳಿಗೆ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಕುರ್ಚಿ ಸಿಕ್ಕಿತು. ಬಡಿಸುವವರು ಅವರನ್ನು ತಮ್ಮವನೇ ಎಂದುಕೊಂಡು ಕೈಗೆ ಎಂಜಲು ತಟ್ಟೆ ಕೊಟ್ಟರು. ಮಂತ್ರಿಗಳು ತಟ್ಟೆಗಳನ್ನು ಒಳಗೆ ಇಟ್ಟು ಬಂದು, ವಿಮಾನ ಹತ್ತಿ, ಇಳಿದವರೇ ಮಾಪನ ಕಚೇರಿಯ ನಿರ್ದೇಶಕರನ್ನು ಕರೆಸಿದರು.

“ಮುಂದಿನ ಸಭೇಲಿ ನಾನು ಮೊದಲ ಸಾಲಲ್ಲಿ ಕೂತಿರ್ಬೇಕು. ಹೇಗೆ ಅಂತ ಮಾತ್ರ ನನಗೆ ಹೇಳ್ಬೇಡಿ.”

ನಿರ್ದೇಶಕರಿಗೆ ನಿವೃತ್ತಿ ಹತ್ತಿರವಿತ್ತು. ಸೇವಾವಧಿ ವಿಸ್ತರಣೆ ಅದಕ್ಕಿಂತ ಹತ್ತಿರ ಬರಲಿ ಎಂಬ ಆಸೆಯೂ ಇತ್ತು. ಅವರು ಅಳತೆಯನ್ನು ವರ್ಷಕ್ಕೊಮ್ಮೆಯಿಂದ ದಿನಕ್ಕೊಮ್ಮೆಗೆ ತಂದು, ಮರುದಿನವೇ ಪ್ರಕಟಣೆ ಹೊರಡಿಸಿದರು: ‘ಇನ್ನು ಮುಂದೆ ದಪ್ಪ ಕಲ್ಲಿದ್ದಲು, ಪುಡಿ ಕಲ್ಲಿದ್ದಲು, ಒದ್ದೆ ಕಲ್ಲಿದ್ದಲು, ಸೋಮವಾರ ಬಂದ ಕಲ್ಲಿದ್ದಲು ಮತ್ತು ಇತರೆ ಕಲ್ಲಿದ್ದಲುಗಳನ್ನು ಐದು ಪ್ರತ್ಯೇಕ ಇಂಧನಗಳೆಂದು ಪರಿಗಣಿಸತಕ್ಕದ್ದು.’ ದಾರ ಒಮ್ಮೆಲೇ ಸೊಂಟದೆತ್ತರಕ್ಕೆ ಏರಿತು. ಹೊರದೇಶದ ಪರಿಶೀಲಕರಿಂದ ಒಂದೇ ಸಾಲಿನ ಉತ್ತರ ಬಂತು: ‘ಕಲ್ಲಿದ್ದಲು ಯಾವ ವಾರ ಬಂದರೂ ಕಲ್ಲಿದ್ದಲೇ.’ ದಾರ ಇಳಿಯಿತು. ಕಸ ಗುಡಿಸುವಾಕೆಗೆ ಸಮಾಧಾನವಾಯಿತು.

ಆಗ ನಿರ್ದೇಶಕರು ಅಳತೆಗಾರನನ್ನು ಕರೆಸಿ ಕೂರಿಸಿಕೊಂಡರು.

“ಸರಿಸಮ ಅಂತೀರಲ್ಲ, ಹಾಗಂದ್ರೆ ಏನ್ರೀ?”

“ಕಲ್ಲಿದ್ದಲಿಂದ ಎಷ್ಟು ಕರೆಂಟ್ ಬರುತ್ತೋ ಗಾಳಿಯಿಂದ್ಲೂ ಅಷ್ಟೇ ಬರ್ಬೇಕು, ನೀರಿಂದ್ಲೂ ಅಷ್ಟೇ ಬರ್ಬೇಕು ಸಾರ್. ಅಂದ್ರೆ ಅವೆರಡನ್ನೂ ಜಾಸ್ತಿ ಮಾಡ್ಬೇಕು.”

“ಜಾಸ್ತಿ ಮಾಡೋಕೆ ಎಷ್ಟು ವರ್ಷ ಬೇಕು?”

“ಇಪ್ಪತ್ತಾದ್ರೂ ಬೇಕು ಸಾರ್.”

“ಕಡಿಮೆ ಮಾಡೋಕೆ?”

“ಯಾವುದನ್ನ ಸಾರ್?”

“ಕಲ್ಲಿದ್ದಲನ್ನ.”

ಅಳತೆಗಾರ ಪ್ರಾಮಾಣಿಕ ಮನುಷ್ಯ. ಲೆಕ್ಕ ಕೇಳಿದರೆ ಲೆಕ್ಕ ಹೇಳುತ್ತಿದ್ದ. ಯಾಕೆ ಕೇಳುತ್ತಿದ್ದೀರಿ ಎಂದು ಕೇಳುವುದು ಅವನ ಹುದ್ದೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ. “ಅದಕ್ಕೆ ನಿಮ್ಮದೊಂದು ಸಹಿ ಸಾಕು ಸಾರ್,” ಎಂದ.

ಸಹಿ ಬಿತ್ತು. ಮೊದಲು ಮಧ್ಯಾಹ್ನದ ಕರೆಂಟ್ ಹೋಯಿತು. ಹಗಲಲ್ಲಿ ದೀಪ ಉರಿಸುವುದು ಸೂರ್ಯನಿಗೆ ಅಗೌರವ ಎಂದು ಪ್ರಕಟಣೆ ಹೇಳಿತು. ಆಮೇಲೆ ಬೆಳಗಿನದ್ದು ಹೋಯಿತು, ಸಂಜೆಯದ್ದೂ ಹೋಯಿತು. ಕಲ್ಲಿದ್ದಲಿನ ಪಾಲು ಕರಗಿದಷ್ಟೂ ಗಾಳಿ ನೀರುಗಳ ಪಾಲು ಕೂತಲ್ಲೇ ದಪ್ಪವಾಯಿತು. ಕೆಂಪು ದಾರ ಅರುವತ್ತೆರಡಕ್ಕೆ ಏರಿ, ಮೊಳೆ ಹೊಡೆಯಲು ಅಳತೆಗಾರ ಮೇಜು ಹತ್ತಬೇಕಾಯಿತು. ಕಚೇರಿಯವರೆಲ್ಲ ಚಪ್ಪಾಳೆ ತಟ್ಟಿದರು. ಫ್ಯಾನು ನಿಂತಿದ್ದರಿಂದ ಚಪ್ಪಾಳೆ ಸ್ಪಷ್ಟವಾಗಿ ಕೇಳಿಸಿತು.

ಮನೆಯಲ್ಲಿ ಚಪ್ಪಾಳೆ ಇರಲಿಲ್ಲ. ಸಹಿ ಬೀಳುವ ಹಿಂದಿನ ದಿನವಷ್ಟೇ ಎರಡನೆಯ ಸಲದ ಮೊಟ್ಟೆಗಳು ಪೆಟ್ಟಿಗೆ ಸೇರಿದ್ದವು. ಹೆಂಡತಿ ಮನೆಯಲ್ಲಿದ್ದ ಕೌದಿ, ಚಾದರ, ಗಂಡನ ಉಣ್ಣೆಯ ಕೋಟು ಎಲ್ಲವನ್ನೂ ಪೆಟ್ಟಿಗೆಗೆ ಹೊದಿಸಿ, ಬಾಗಿಲಿಗೆ ಕೆನ್ನೆಯಿಟ್ಟು ಬಿಸಿ ಇದೆಯೇ ಎಂದು ನೋಡುತ್ತ ಕೂತಿದ್ದಳು.

“ನಿಮ್ಮ ಆಫೀಸಲ್ಲಿ ಒಂದ್ಮಾತು ಹೇಳ್ಬಾರ್ದೇನ್ರೀ?”

“ನಮ್ಮದು ಬರೀ ಅಳೆಯೋ ಆಫೀಸು ಕಣೇ.”

“ಅಳೆಯೋರಿಗೆ ಕತ್ತಲೆ ಕಾಣಲ್ವಾ?”

ಆ ಲೆಕ್ಕ ಹೇಳಿಕೊಟ್ಟವನು ತಾನೇ ಎಂಬುದು ಅವನ ಗಂಟಲಲ್ಲಿ ಬಿಸಿತುಪ್ಪವಾಗಿತ್ತು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಎದ್ದು ಹೋಗಿ ಅವನೂ ಪೆಟ್ಟಿಗೆಗೆ ಕೆನ್ನೆಯಿಟ್ಟ. ಅದು ತಣ್ಣಗಾಗುತ್ತಿತ್ತು.

ಹೆಂಡತಿ ಅಳುತ್ತ ಕೂರುವವಳಲ್ಲ. ಸೆರಗು ಬಿಗಿದು ಕಟ್ಟಿ ಬೀದಿಗಿಳಿದಳು. ಯಾರ್ಯಾರ ಮನೆಯ ಕೋಳಿ ಕಾವಿಗೆ ಬಂದಿದೆ ಎಂದು ವಿಚಾರಿಸಿ, ಬೇಡಿ, ಕಾಡಿ, ಹನ್ನೊಂದು ಕೋಳಿಗಳನ್ನು ಕಂಕುಳಲ್ಲಿ ಇರುಕಿಕೊಂಡು ತಂದಳು. ಬುಟ್ಟಿಗಳಲ್ಲಿ ಹುಲ್ಲು ಹಾಸಿ, ಮೊಟ್ಟೆ ಹಂಚಿ, ಕೋಳಿಗಳನ್ನು ಕೂರಿಸಿದಳು. ಕೋಳಿಗಳು ಒಮ್ಮೆ ಮೈ ಕೊಡವಿ, ರೆಕ್ಕೆ ಹರಡಿ, ಇದೇನು ನಮಗೆ ಹೊಸದಲ್ಲ ಎಂಬಂತೆ ಕೂತವು.

ರಜೆಯ ದಿನ ನಿರ್ದೇಶಕರು ಸಹಿಯೊಂದಕ್ಕಾಗಿ ಅಳತೆಗಾರನ ಮನೆಗೆ ಬಂದರು. ಅವನು ಹಿಂದಿನ ಕೋಣೆಯಲ್ಲಿದ್ದಾನೆಂದು ತಿಳಿದು ಅಲ್ಲಿಗೇ ಬಂದು, ಕತ್ತಲಲ್ಲಿ ಕುರ್ಚಿಗಾಗಿ ತಡಕಾಡಿ, ಒಂದು ಕೋಳಿಯ ಕೆಳಗೆ ಕೈ ಹಾಕಿದರು. ಕೋಳಿ ಕುಕ್ಕಿತು. ಆದರೂ ಅವರು ಕೈ ತೆಗೆಯಲಿಲ್ಲ.

“ಬಿಸಿ ಇದೆಯಲ್ರೀ.”

“ಅದು ಕಾವು ಸಾರ್.”

“ಕಲ್ಲಿದ್ದಲಿಂದ ಬಂದಿದ್ದಲ್ಲ?”

“ಅಲ್ಲ ಸಾರ್.”

“ಗಾಳಿಯಿಂದ?”

“ಕೋಳಿಯಿಂದ ಸಾರ್.”

“ಹಾಗಾದ್ರೆ ಇದು ಹೊಸದು,” ಎಂದರು ನಿರ್ದೇಶಕರು. ಅವರ ದನಿಯಲ್ಲಿ ಭಕ್ತಿಯಿತ್ತು.

ಅಳತೆಗಾರ ಆಗಲೇ ‘ಅಲ್ಲ’ ಎನ್ನಬಹುದಿತ್ತು. ಹೆಂಡತಿಯ ಕಡೆ ನೋಡಿದ. ಅವಳು ಒಂದು ಮೊಟ್ಟೆಯನ್ನು ಮಗುವಿನ ತಲೆ ತಿರುಗಿಸಿದಷ್ಟು ನಿಧಾನವಾಗಿ ತಿರುಗಿಸಿಡುತ್ತಿದ್ದಳು. ಉತ್ಪಾದನಾ ಕೇಂದ್ರಗಳಿಗೆ ಎಂಥ ಕಾಲದಲ್ಲೂ ಕರೆಂಟ್ ತೆಗೆಯಬಾರದು ಎಂಬ ಒಂದು ನಿಯಮ ಅವನಿಗೆ ನೆನಪಾಯಿತು. “ಹೊಸದೇ ಸಾರ್. ಆದ್ರೆ ಇದನ್ನ ಉತ್ಪಾದನಾ ಕೇಂದ್ರ ಅಂತ ಮಾಡಿದ್ರೆ ಈ ಮನೆಗೆ ತಡೆಯಿಲ್ಲದ ಲೈನು ಕೊಡ್ಬೇಕಾಗುತ್ತೆ.”

“ಕೊಡೋಣ್ರೀ. ದೇಶಕ್ಕಿಂತ ಒಂದು ತಂತಿ ಹೆಚ್ಚೇ?”

ವಾರದೊಳಗೆ ಗೆಜೆಟ್‌ನಲ್ಲಿ ಕೋಳಿ ಬಂತು. ಮನೆಯ ಮುಂದೆ ಬೋರ್ಡು ಬಿತ್ತು: ‘ರಾಷ್ಟ್ರೀಯ ಕಾವು ಉತ್ಪಾದನಾ ಕೇಂದ್ರ, ಘಟಕ ಒಂದು. ಅಪಾಯ. ಹತ್ತಿರ ಬರಬೇಡಿ.’ ಕೋಳಿಗಳ ಕಾಲಿಗೆ ನಂಬರಿನ ಬಳೆ ಹಾಕಿದರು. ತಮ್ಮ ಕೋಳಿಯನ್ನು ವಾಪಸು ಕೇಳಲು ಬಂದ ಪಕ್ಕದ ಮನೆಯ ಅಜ್ಜಿಗೆ, ಸರ್ಕಾರಿ ಸ್ಥಾವರವನ್ನು ಕಂಕುಳಲ್ಲಿ ಒಯ್ಯುವುದು ಅಪರಾಧ ಎಂದು ತಿಳಿಹೇಳಲಾಯಿತು. ಹೊಸ ತಂತಿ ಬಂತು, ಕಾವು ಪೆಟ್ಟಿಗೆಯ ಕೆಂಪು ದೀಪ ಹೊತ್ತಿಕೊಂಡಿತು.

“ಇನ್ನೇನು, ಮೊಟ್ಟೆಗಳನ್ನ ಒಳಗಿಡು,” ಎಂದ ಅಳತೆಗಾರ.

“ಎರಡು ದಿನ ನೋಡೋಣ,” ಎಂದಳು ಹೆಂಡತಿ. ಕೋಳಿಯನ್ನು ನಂಬಿದಷ್ಟು ಸರ್ಕಾರದ ತಂತಿಯನ್ನು ನಂಬುವ ಹೆಂಗಸಲ್ಲ ಅವಳು.

ಅವಳು ಕಾದದ್ದು ಒಳ್ಳೆಯದೇ ಆಯಿತು. ಕೋಳಿಯನ್ನು ಸೇರಿಸಿ ಅಳೆದಾಗ ಸೂಚ್ಯಂಕ ಅರುವತ್ತೆರಡರಿಂದ ಹತ್ತೊಂಬತ್ತಕ್ಕೆ ಬಿತ್ತು.

“ಹೊಸ ಇಂಧನ ಸೇರಿದ್ರೆ ಏರ್ಬೇಕಲ್ವೇನ್ರೀ?” ಎಂದು ನಿರ್ದೇಶಕರು ಕುರ್ಚಿಯ ಕೈ ಹಿಡಿದುಕೊಂಡರು.

“ಸೇರಿದ್ದು ತೀರಾ ಸಣ್ಣದು ಸಾರ್. ಆನೆ ಸಾಲಲ್ಲಿ ಇರುವೆ ನಿಲ್ಸಿದ ಹಾಗಾಯ್ತು. ಸರಿಸಮ ಕೆಟ್ಟುಹೋಯ್ತು. ಕೋಳಿಯನ್ನ ತೆಗೆದುಬಿಡೋಣ.”

“ಗೆಜೆಟ್‌ಗೆ ಬಂದ ಕೋಳೀನ ತೆಗೆಯೋಕೆ ನಿಯಮ ಇಲ್ಲ. ಮಂತ್ರಿಗಳು ಹೊರದೇಶಕ್ಕೆಲ್ಲ ಹೇಳ್ಕೊಂಡು ಬಂದಿದ್ದಾರೆ.” ನಿರ್ದೇಶಕರು ಆದೇಶದ ಹಾಳೆ ಎಳೆದುಕೊಂಡರು. “ಇರುವೆ ಆನೆ ಆಗೋದಿಲ್ಲ. ಆನೆ ಇರುವೆ ಆಗೋಕೆ ಏನಡ್ಡಿ?”

ಉಳಿದ ಎಲ್ಲ ಇಂಧನಗಳನ್ನೂ ಹನ್ನೊಂದು ಕೋಳಿಗಳ ಸಮಕ್ಕೆ ಇಳಿಸತಕ್ಕದ್ದು ಎಂದು ಆದೇಶವಾಯಿತು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಎಂಬ ಗಾದೆ ಅಂದಿನಿಂದ ಚಲಾವಣೆ ಕಳೆದುಕೊಂಡಿತು. ಇಡೀ ದೇಶ ಕೋಳಿಯನ್ನು ಕೇಳಿಯೇ ದೀಪ ಹಚ್ಚಬೇಕಾಗಿತ್ತು.

ಅಳತೆಗಾರನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ. ಆದೇಶ ತಲುಪಿದ ಕೂಡಲೇ ಫೋನ್ ಮಾಡಿದ.

“ಭಾವ, ಹನ್ನೊಂದು ಕೋಳಿ ಅಂದ್ರೆ ಎಷ್ಟಾಗುತ್ತೆ?”

“ಒಂದು ಬಲ್ಬ್ ಉರಿಯೋಷ್ಟು ಆಗ್ಬಹುದು ಕಣೋ.”

“ನಮ್ಮ ಮೀಟರ್ ಶುರುವಾಗೋದೇ ಒಂದು ಊರಿಂದ ಭಾವ. ಬಲ್ಬಿಗೆಲ್ಲ ಅದರಲ್ಲಿ ಗೆರೆ ಇಲ್ಲ.”

“ಮತ್ತೇನ್ ಮಾಡ್ತೀಯ?”

“ಎಲ್ಲ ಆರಿಸ್ಬಿಟ್ಟು, ಒಂದು ಬಾಣಲೇಲಿ ನಾಲ್ಕು ಕಲ್ಲಿದ್ದಲು ಹಾಕ್ಕೊಂಡು ಊದ್ತಾ ಕೂರ್ತೀನಿ. ಅಕ್ಕಂಗೆ ಹೇಳಿ, ಕೋಳಿಗಳನ್ನ ಚೆನ್ನಾಗಿ ನೋಡ್ಕೊಳ್ಳಲಿ. ಒಂದು ಎದ್ರೂ ನಾನು ಅಷ್ಟು ಊದೋದು ಕಡಿಮೆ ಮಾಡ್ಬೇಕಂತೆ.”

ಬಾಣಲೆ ಹೊತ್ತಿತು, ದೇಶ ಆರಿತು. ಸೂಚ್ಯಂಕ ನೂರಾಯಿತು.

ಅಂಥದ್ದೊಂದು ಅಂಕಿ ಜಗತ್ತಿನಲ್ಲಿ ಯಾರೂ ನೋಡಿರಲಿಲ್ಲ. ಕತ್ತಲಾದ್ದರಿಂದ ಇಲ್ಲಿಯೂ ಯಾರೂ ನೋಡಲಿಲ್ಲ. ದಾರ ಸೂರು ಮುಟ್ಟಿದ್ದನ್ನು ತೋರಿಸಲು ಗಣ್ಯರನ್ನು ಏಣಿ ಹತ್ತಿಸಿ, ಕೈಹಿಡಿದು ಮುಟ್ಟಿಸಲಾಯಿತು. ಮುಟ್ಟಿದವರೆಲ್ಲ ಅದ್ಭುತ ಎಂದರು. ಜನರೂ ಬೇಗ ಹೊಂದಿಕೊಂಡರು. ಕ್ಷೌರಿಕರು ಕಿವಿ ಎಲ್ಲಿದೆ ಎಂದು ಮೊದಲೇ ಕೇಳಿ ಕತ್ತರಿ ಹಿಡಿದರು, ಶಾಲೆಗಳಲ್ಲಿ ಓದು ನಿಂತು ಬಾಯಿಪಾಠ ಶುರುವಾಯಿತು, ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರಿಗೆ ತಲಾ ಒಂದು ಬೀಸಣಿಗೆ ಕೊಟ್ಟರು. ಗೊಣಗಿದ ಒಬ್ಬಿಬ್ಬರಿಗೆ ನಿರ್ದೇಶಕರು ನಿಯಮಾವಳಿಯ ಮೊದಲ ಪುಟವನ್ನು ಓದಿ ಹೇಳಿದರು. ಪ್ರಜೆಯ ಮನೆಯ ದೀಪ ಆರಬಾರದು ಎಂದಿದೆ. ಈಗ ಆರುವ ದೀಪವೇ ಇಲ್ಲ. ಆದ್ದರಿಂದ ಉದ್ದೇಶ ಪೂರ್ತಿ ಈಡೇರಿದೆ.

ಅಳತೆಗಾರನ ಮನೆಯ ತಡೆಯಿಲ್ಲದ ತಂತಿ ತಡೆಯಿಲ್ಲದೆಯೇ ಇತ್ತು. ಅದರಲ್ಲಿ ಏನೂ ಬರುತ್ತಿರಲಿಲ್ಲ.

ಆದರೆ ಕೋಳಿಗಳು ಕೂತಿದ್ದವು. ಒಂದು ಬೆಳಗ್ಗೆ ಹೆಂಡತಿ ಮೊಟ್ಟೆಯೊಂದನ್ನು ಕಿವಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು. ಆಮೇಲೆ ಅದನ್ನು ಗಂಡನ ಕಿವಿಗೆ ಹಿಡಿದಳು. ಒಳಗೆ ಚಿಂವ್ ಎಂಬ ಸಣ್ಣ ದನಿ. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. ಮದುವೆಯಾದಾಗಿನಿಂದ ಅವನು ಅವಳನ್ನು ಅಷ್ಟು ಸಂತೋಷದಲ್ಲಿ ನೋಡಿರಲಿಲ್ಲ. ಆ ಖುಷಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಕಚೇರಿಗೆ ಹೋದವನೇ ನಿರ್ದೇಶಕರಿಗೆ ಹೇಳಿಬಿಟ್ಟ. ಅದು ಅವನು ಮಾಡಿದ ಎರಡನೆಯ ತಪ್ಪು.

“ಸಾರ್, ನಾಳೆ ನಾಡಿದ್ದರಲ್ಲಿ ಮರಿ ಆಗುತ್ತೆ.”

“ಸಂತೋಷ. ಆಮೇಲೆ ಕೋಳಿ?”

“ಎದ್ದುಹೋಗುತ್ತೆ ಸಾರ್.”

“ಎದ್ರೆ ಕಾವು?”

ನಿರ್ದೇಶಕರೇ ಬೆರಳು ಮಡಿಸಿ ಲೆಕ್ಕ ಹಾಕಿದರು.

“ಒಂದು ಇಂಧನ ಸೊನ್ನೆ ಆಗುತ್ತೆ. ಸರಿಸಮ ಮಾಡೋಕೆ ಎಲ್ಲವನ್ನೂ ಸೊನ್ನೆ ಮಾಡ್ಬೇಕು. ಮಾಡೋಣ, ನನಗೇನೂ ಅಡ್ಡಿಯಿಲ್ಲ.”

“ಎಲ್ಲ ಸೊನ್ನೆಯಾದ್ರೆ ಅಳೆಯೋಕೆ ಏನೂ ಉಳಿಯಲ್ಲ ಸಾರ್. ಕಚೇರಿಯೂ ಉಳಿಯಲ್ಲ.”

ದೇಶ ಕತ್ತಲಾದಾಗ ಅಲುಗದಿದ್ದ ನಿರ್ದೇಶಕರು ಈ ಮಾತಿಗೆ ಬೆವರಿದರು. ಸಂಜೆಯೊಳಗೆ ಆದೇಶ ಹೊರಟಿತು: ‘ಮರಿಯಾಗುವ ಮೊಟ್ಟೆಗಳಿಂದ ಇಂಧನ ಭದ್ರತೆಗೆ ಅಪಾಯವಿರುವುದರಿಂದ, ಅವುಗಳನ್ನು ತೆಗೆದು, ಎಂದೆಂದಿಗೂ ಮರಿಯಾಗದ ವಸ್ತುವನ್ನು ಕೋಳಿಗಳ ಕೆಳಗೆ ಇಡತಕ್ಕದ್ದು.’ ಅಂಥ ವಸ್ತು ಸ್ಥಾವರದಲ್ಲಿ ಬೆಟ್ಟದಷ್ಟು ಬಿದ್ದಿತ್ತು. ಬಾಮೈದನೇ ತಲೆಯ ಮೇಲೆ ಕುಕ್ಕೆ ಹೊತ್ತು ಬಂದ.

“ಅಕ್ಕ, ನನ್ನ ಬೈಬೇಡ. ನುಣ್ಣಗೆ ದುಂಡಗಿರೋದನ್ನೇ ಆರಿಸಿ ತಂದಿದ್ದೀನಿ. ಸೋಮವಾರ ಬಂದಿದ್ದು.”

ಇಲಾಖೆಯವರು ಮೊಟ್ಟೆ ತೆಗೆದು ಕಲ್ಲಿದ್ದಲು ಇಟ್ಟರು. ಕೋಳಿಗಳು ಎದ್ದು, ಒಮ್ಮೆ ನೋಡಿ, ಮತ್ತೆ ಕೂತು, ಕೊಕ್ಕಿನಿಂದ ಕಲ್ಲಿದ್ದಲನ್ನು ಎದೆಯ ಕೆಳಗೆ ಎಳೆದುಕೊಂಡವು. ಆಕ್ಷೇಪಣೆ ಸಲ್ಲಿಸಲು ಕೊಟ್ಟಿದ್ದ ಅವಧಿಯಲ್ಲಿ ಅವು ಆಕ್ಷೇಪಣೆ ಸಲ್ಲಿಸಲಿಲ್ಲ ಎಂದು ಬರೆದುಕೊಂಡು ಇಲಾಖೆಯವರು ಹೋದರು. ಮೊಟ್ಟೆಗಳು ನೆಲದ ಮೇಲೆ ಬುಟ್ಟಿಯಲ್ಲಿ ಉಳಿದವು. ಚಿಂವ್ ಚಿಂವ್ ದನಿ ಸಣ್ಣಗಾಗುತ್ತ ಬಂತು.

ಹೆಂಡತಿ ಗಂಡನ ಮುಖ ನೋಡಿದಳು.

“ಈ ಸರಿಸಮದ ಲೆಕ್ಕ ಅವರಿಗೆ ಹೇಳ್ಕೊಟ್ಟಿದ್ದು ಯಾರು?”

“ನಾನೇ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. “ಹಾಗಾದ್ರೆ ಕೂತ್ಕೊಳ್ಳಿ,” ಎಂದಳು.

ಅವನು ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಮೊಟ್ಟೆಗಳನ್ನು ಒಂದೊಂದಾಗಿ ಅವನ ಮಡಿಲಿಗೆ, ಬಗಲಿಗೆ, ಅಂಗಿಯೊಳಗೆ ಇಟ್ಟು, ಮೇಲೆ ಕೌದಿ ಹೊದಿಸಿ, ಸುತ್ತ ಒತ್ತಿದಳು. “ಅಲುಗಾಡ್ಬೇಡಿ. ಕೆಮ್ಮು ಬಂದ್ರೆ ಮೊದಲೇ ಹೇಳಿ.” ಅವನು ಅಲುಗಲಿಲ್ಲ. ಕಾಲು ಜೋಮು ಹಿಡಿಯಿತು, ಬೆನ್ನು ಬಿಗಿಯಿತು. ಎದೆಗೊತ್ತಿದ ಒಂದು ಮೊಟ್ಟೆಯೊಳಗೆ ಏನೋ ಮಿಸುಕಿದಾಗ, ಇಷ್ಟು ವರ್ಷ ಅಳೆದದ್ದರಲ್ಲಿ ಇಷ್ಟು ಸ್ಪಷ್ಟವಾಗಿ ಯಾವುದೂ ಸಿಕ್ಕಿರಲಿಲ್ಲ ಅನ್ನಿಸಿತು.

ಮರುದಿನ ಅಳತೆಗಾರ ಕಚೇರಿಗೆ ಬಾರದಿದ್ದರಿಂದ ಕಚೇರಿಯೇ ಅವನಲ್ಲಿಗೆ ಬಂತು. ನೂರು ಎಂದು ಬರೆದ ವರದಿಗೆ ಅವನ ಸಹಿ ಬೇಕಿತ್ತು. ನಿರ್ದೇಶಕರು ಪೆನ್ನು ಕೊಡಲು ಕೌದಿಯೊಳಗೆ ಅವನ ಕೈಯನ್ನು ಹುಡುಕಿದರು. ಅವರ ಕೈ ಒಳಗೇ ನಿಂತಿತು.

“ಬಿಸಿ ಇದೆಯಲ್ರೀ.”

“ಹೌದು ಸಾರ್.”

“ಕೋಳಿಯಿಂದ ಬಂದಿದ್ದಲ್ಲ?”

“ನನ್ನಿಂದ ಸಾರ್.”

“ಹಾಗಾದ್ರೆ ಇದು ಹೊಸದು.”

ಅಳೆದು ನೋಡಲಾಗಿ, ಒಬ್ಬ ಅಳತೆಗಾರ ಹೆಚ್ಚುಕಡಿಮೆ ಹನ್ನೊಂದು ಕೋಳಿಗಳಿಗೆ ಸಮ ಎಂದು ಕಂಡುಬಂತು. ಹಾಗಾಗಿ ಇಂಧನಗಳ ಬಗೆ ಒಂದು ಹೆಚ್ಚಿತು, ನೂರು ನೂರಾಗಿಯೇ ಉಳಿಯಿತು. ಮುಂದಿನ ಆದೇಶದವರೆಗೆ ಅವನು ಕೂತಲ್ಲಿಂದ ಏಳತಕ್ಕದ್ದಲ್ಲ ಎಂದು ಬರವಣಿಗೆಯಲ್ಲಿ ತಿಳಿಸಲಾಯಿತು. ಸುದ್ದಿ ಹಬ್ಬಿ, ತಾವೂ ವರ್ಷಗಟ್ಟಲೆ ಕೂತೇ ಇದ್ದೇವೆ, ತಮ್ಮನ್ನೂ ಇಂಧನವೆಂದು ಪರಿಗಣಿಸಬೇಕು ಎಂದು ಉಳಿದ ನೌಕರರೆಲ್ಲ ಅರ್ಜಿ ಹಾಕಿದರು. ಅವರ ಕುರ್ಚಿಗಳನ್ನು ಮುಟ್ಟಿ ನೋಡಲಾಗಿ ಒಂದಾದರೂ ಬೆಚ್ಚಗಿರಲಿಲ್ಲ. ಅರ್ಜಿಗಳು ತಿರಸ್ಕೃತವಾದವು. ನಿರ್ದೇಶಕರ ಸೇವಾವಧಿ ವಿಸ್ತರಣೆಯಾಯಿತು. ಮಂತ್ರಿಗಳು ಮೊದಲ ಸಾಲಿನಲ್ಲಿ ಕೂತರು.

ನಿರ್ದೇಶಕರು ಸಹಿಗೆ ಬಂದ ಆ ಮಧ್ಯಾಹ್ನವೇ ಮೊಟ್ಟೆಗಳು ಒಡೆದು ಮರಿಗಳಾಗಿದ್ದವು. ಮೊದಲನೆಯದು ಅವನ ಅಂಗಿಯ ಗುಂಡಿಯ ಸಂದಿಯಿಂದ ತಲೆ ಹಾಕಿತು. ಅದನ್ನು ನೋಡಲು ಅವನು ಸ್ವಲ್ಪ ಮೇಲೇಳಲು ಹೋದ. ವರದಿ ಹಿಡಿದು ನಿಂತಿದ್ದ ನಿರ್ದೇಶಕರು, ಊದಿ ಊದಿ ಮುಖವೆಲ್ಲ ಮಸಿಯಾಗಿದ್ದ ಬಾಮೈದ, ಕೋಳಿ ಕಳೆದುಕೊಂಡ ಪಕ್ಕದ ಮನೆಯ ಅಜ್ಜಿ, ಮೂವರೂ ಒಟ್ಟಿಗೆ “ಏಳ್ಬೇಡಿ” ಎಂದರು.

ಹೆಂಡತಿ ಮರಿಗಳನ್ನು ಒಂದೊಂದಾಗಿ ಎತ್ತಿ, ಮೈ ಒರೆಸಿ, ಬೆಚ್ಚಗಿರಲೆಂದು ಮತ್ತೆ ಅವನ ಪಕ್ಕೆಯಲ್ಲೇ ಬಿಟ್ಟಳು. ಕೆಟ್ಟ ಮೊಟ್ಟೆಗಳು ಕೈಬೆರಳೆಣಿಕೆಯಷ್ಟೂ ಇರಲಿಲ್ಲ. ಅವಳು ಎದ್ದು ಹೋಗಿ ಕಾವು ಪೆಟ್ಟಿಗೆಯ ಮೇಲಿನ ಧೂಳು ಕೊಡವಿ, ತಂತಿ ಕಿತ್ತು, ಸುತ್ತಿಟ್ಟಳು.

“ಯಾಕೆ ಅದನ್ನ ಕೀಳ್ತಿದ್ದೀಯ?” ಎಂದ ಅವನು.

“ಮಾರ್ಬಿಡ್ತೀನಿ ಕಣ್ರೀ. ನೀವಿದ್ದೀರಲ್ಲ,” ಎಂದು ಅವಳು ಹೊಸ ಮೊಟ್ಟೆಗಳ ಬುಟ್ಟಿಯನ್ನು ಅವನ ಮುಂದಿಟ್ಟು, ಕೌದಿ ಸರಿಸಿದಳು.